ಮಗ್ಗದ ಮನೆಯಲ್ಲಿ ನಾನು

"ಎರಡ ವರ್ಷ! ಎರಡ ವರ್ಷ ನನ್ನ ಕಣ್ಣಾಗ ಮಣ್ಣು ಹಾಕ್ಯಾಳ ಇಕಿ!"

"ಕೂಸಿನ ಮ್ಯಾಲ ಯಾಕ ಹಾರ್ಯಾಡ್ತೀರಿ? ನಾವೂ ನೋಡಲಿಲ್ಲ."

"ನಾ ನೋಡೀನಿ! ದಿನಾ ನೋಡೀನಿ, ಬಾಯಿ ಅಲ್ಲಾಡತಿತ್ತು! ಒಲ್ಯಾಗ ಹಾಕ್ತೀನಿ ಈ ಪುಸ್ತಕಾನ!"

ಆ ಪುಸ್ತಕ ನಾನು. ನೇಕಾರ ಶ್ರೀಶೈಲಪ್ಪನ ಮುಷ್ಟಿಯಲ್ಲಿ ಸುರುಳಿಯಾಗಿ ಸಿಕ್ಕಿಬಿದ್ದಿದ್ದೆ. ನನ್ನಿಂದಲೇ ಅವನು ತನ್ನ ಮಗಳು ದಾನೇಶ್ವರಿಯ ಬೆನ್ನಿಗೆ ಎರಡು ಏಟು ಹಾಕಿದ್ದ. ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ತಾಯಿ ಕಸ್ತೂರಿ ನಡುವೆ ಬಂದಳು. ನಾನು ಹುಟ್ಟಿದ್ದು ಹೊಡೆಯುವುದಕ್ಕಲ್ಲ. ಅದನ್ನು ಆ ಮನುಷ್ಯನಿಗೆ ಹೇಳಲು ನನಗೆ ಬಾಯಿಲ್ಲ.

ನಾನು ಒಂದು ಹದಿನಾರು ಪುಟದ ಕಥೆ ಪುಸ್ತಕ. ಹೆಸರು 'ಛತ್ರಿ ತಿಂದ ಆಡು'. ಒಂದೇ ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹೊಡೆದು, ಮಡಚಿ, ಬೆನ್ನಿಗೆ ಎರಡು ಪಿನ್ನು ಜಡಿದು ನನ್ನನ್ನು ಮಾಡಿದರು. ಕೊನೆಗೆ ಅಂಚು ಕತ್ತರಿಸುವ ಯಂತ್ರದ ಅಲಗು ಮೇಲಿನಿಂದ ಬಿತ್ತು. ಅಂದಿನ ಹೆದರಿಕೆ ಇಂದಿಗೂ ಹೋಗಿಲ್ಲ.

ಕಟ್ಟಿನೊಳಗೆ ಕೂತು ಕೃಷ್ಣಾ ನದಿಯ ಕಡೆಯ ಒಂದು ನೇಕಾರರ ಊರಿನ ಶಾಲೆಗೆ ಬಂದೆ. ಮಕ್ಕಳು ಹರಿದಾರೆಂದು ಅಲ್ಲಿಯ ದೊಡ್ಡ ಗುರುಗಳು ನಮ್ಮನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಒಂದು ವರ್ಷ ಕತ್ತಲು. ಪಕ್ಕದ ಪುಸ್ತಕವನ್ನು ಹುಳ ಕೊರೆಯುವ ಸದ್ದು ಕೇಳಿಸುತ್ತಿತ್ತು. ಮಕ್ಕಳ ಕೈಯಿಂದ ಉಳಿಸುತ್ತೇನೆಂದು ಹುಳದ ಬಾಯಿಗೆ ಕೊಟ್ಟ ಆ ಪುಣ್ಯಾತ್ಮನಿಗೆ ಏನೆನ್ನಬೇಕೋ ನನಗೆ ತಿಳಿಯದು.

ಆಮೇಲೆ ಮುಲ್ಲಾ ಅಕ್ಕೋರು ಎಂಬ ಶಿಕ್ಷಕಿ ಆ ಶಾಲೆಗೆ ವರ್ಗವಾಗಿ ಬಂದರು. ಬೀಗ ತೆಗೆಸಿದರು. ಗೋಡೆಯುದ್ದಕ್ಕೂ ದಾರ ಕಟ್ಟಿ ನಮ್ಮನ್ನು ಮಕ್ಕಳ ಎತ್ತರಕ್ಕೆ ತೂಗುಹಾಕಿದರು. ಪ್ರತಿ ಶನಿವಾರ ಒಂದೊಂದು ಪುಸ್ತಕ ಒಂದೊಂದು ಮನೆಗೆ ಹೋಗಬೇಕು. ಮೂರನೇ ತರಗತಿಯ ಮಕ್ಕಳಿಗೆ ಇನ್ನೊಂದು ಕಟ್ಟಳೆ ಇತ್ತು. ಜನವರಿಯಲ್ಲಿ ತಂದೆತಾಯಿಯ ಎದುರು ಒಂದು ಪುಟ, ಎಂಟು ಸಾಲು, ಅಕ್ಷರ ಅಕ್ಷರ ಕೂಡಿಸದೆ ಓದಬೇಕು. ಓದಿದ್ದೇನೆಂದು ತನ್ನ ಮಾತಿನಲ್ಲಿ ಹೇಳಬೇಕು. ಬಾರದವರು ಕೆಲವು ತಿಂಗಳು ಬೆಳಗಿನ ಹೊತ್ತು ಒಂದನೇ ತರಗತಿಯವರ ಜೊತೆ ಕೂತು ಮೊದಲಿನಿಂದ ಕಲಿಯಬೇಕು. ನನ್ನನ್ನು ಕೇಳಿದರೆ ಅದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ. ಆದರೆ ನನ್ನನ್ನು ಕೇಳುವವರು ಯಾರು?

ಹೀಗೆ, ದಾನೇಶ್ವರಿ ಒಂದನೇ ತರಗತಿಯಲ್ಲಿದ್ದಾಗ, ನಾನು ಅವಳ ಚೀಲದಲ್ಲಿ ಅವರ ಮನೆಗೆ ಹೋದೆ. ಆಮೇಲೂ ಅವಳು ಮತ್ತೆ ಮತ್ತೆ ನನ್ನನ್ನೇ ಆರಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗ. ಒಂದನ್ನು ಅಪ್ಪ, ಇನ್ನೊಂದನ್ನು ಅವ್ವ ನೋಡಿಕೊಳ್ಳುತ್ತಿದ್ದರು. ಅವು ನಡೆಯುವಾಗ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳದು. ಆ ಓಣಿಯ ಜನ ಧ್ವನಿ ಬಿಟ್ಟು ತುಟಿಯಲ್ಲೇ ಮಾತಾಡುತ್ತಾರೆ. "ಊಟ ಆತಾ?" ಎಂದು ಅವ್ವ ತುಟಿ ಆಡಿಸಿದರೆ ಮಗಳು ಅಷ್ಟು ದೂರದಿಂದ ತಲೆಯಾಡಿಸುತ್ತಾಳೆ.

ಓದನ್ನೂ ಅವರು ಹಾಗೆಯೇ ನೋಡಿದರು. ದಾನೇಶ್ವರಿ ನೂಲಿನ ಚೀಲದ ಮೇಲೆ ಕೂತು ನನ್ನನ್ನು ಬಿಚ್ಚುತ್ತಿದ್ದಳು. ತುಟಿ ಆಡಿಸುತ್ತಿದ್ದಳು, ಹೊತ್ತು ನೋಡಿ ಪುಟ ತಿರುವುತ್ತಿದ್ದಳು. ಶ್ರೀಶೈಲಪ್ಪ ಮಗ್ಗದಿಂದ ತಿರುಗಿ ನೋಡಿ, ಮಗಳು ಓದುತ್ತಾಳೆಂದು ಮೀಸೆಯಡಿ ನಗುತ್ತಿದ್ದ. ಅವಳ ಮೂಗಿನ ಹತ್ತಿರವಿದ್ದ ನನಗೆ ಮಾತ್ರ ನಿಜ ಗೊತ್ತಿತ್ತು. ಅವಳು ಹೇಳುತ್ತಿದ್ದುದು "ಲಟಾಪಟಾ, ಲಟಾಪಟಾ". ಬರೀ ಮಗ್ಗದ ಸದ್ದು! ಅವಳ ಬೆರಳು ಬೆವರಿ ನನ್ನ ಅಂಚು ಒದ್ದೆಯಾಗುತ್ತಿತ್ತು. ಇಬ್ಬರೂ ಹೆದರಿದ್ದೆವು. ಸುಳ್ಳು ಹೊರಬಿದ್ದೀತೆಂದು ಅವಳಿಗೆ, ಹೊರಬೀಳದೇ ಹೋದೀತೆಂದು ನನಗೆ.

ಅವಳು ಮೂರನೇ ತರಗತಿಗೆ ಬಂದ ವರ್ಷ ನವೆಂಬರಿನಲ್ಲಿ ಹೊರಬಿತ್ತು. ಅಕ್ಕೋರು ತರಗತಿಯಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಓದಿಸಿದರು. ಒಂದು ಸಾಲೂ ಬರಲಿಲ್ಲ. ಸಂಜೆ ತಾವೇ ಮನೆಗೆ ಬಂದು ಮೆತ್ತಗೆ ಹೇಳಿ ಹೋದರು. ಅವರ ಬೆನ್ನು ತಿರುಗಿದ ಮೇಲೆ ನಡೆದದ್ದೇ ನಾನು ಮೊದಲು ಹೇಳಿದ ಜಗಳ. ಅದು ಮುಗಿದದ್ದು ಹೀಗೆ:

"ಮೂರನೇತ್ತಾ ಹುಡುಗಿ ಒಂದನೇತ್ತಾ ಕೂಸುಗಳ ಬಾಜೂ ಕುಂಡ್ರೂದಾ? ಓಣಿ ಮಂದಿ ನಗ್ತಾರ. ಜನವರಿಯಾಗ ಆ ದಿನ ಓದಲಿಲ್ಲಂದ್ರ ಸಾಲಿ ಸಾಕು. ಮನ್ಯಾಗ ಕಂಡಿಕಿ ಸುತ್ತಲಿ!"

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ಒಮ್ಮೆ ಅದನ್ನು ಸುತ್ತಲು ಕೂತ ಹುಡುಗಿಯರು ಮತ್ತೆ ಶಾಲೆಯ ಕಡೆ ಬಂದದ್ದನ್ನು ನಾನು ಕಂಡಿಲ್ಲ.

ಮರುದಿನ ಕಸ್ತೂರಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಓಡಿದಳು.

"ಅಕ್ಕೋರ, ನಾ ನಾಕನೇತ್ತಾ ಬಿಟ್ಟಾಕಿ. ನನಗೇನ ಕಲಸಾಕ ಬರತೈತಿ?"

"ಕಲಸೂದು ನನ್ನ ಕೆಲಸ ಕಸ್ತೂರವ್ವಾ. ನೀವು ಕೇಳ್ರಿ ಸಾಕು. ಬಾಯಿ ನೋಡಬ್ಯಾಡ್ರಿ, ಧ್ವನಿ ಕೇಳ್ರಿ. ದಿನಾ ಅರ್ಧ ತಾಸು ಮಗ್ಗ ಬಂದ್ ಮಾಡ್ರಿ. ಮೊದಲ ಚಿತ್ರಾ ನೋಡಿ ಇಬ್ಬರೂ ಮಾತಾಡ್ರಿ. ಆಕಿ ತಡದಲ್ಲಿ ಸುಮ್ನ ಐದು ಎಣಿಸ್ರಿ. ಆಗೂ ಬರಲಿಲ್ಲಂದ್ರ ಆ ಶಬ್ದ ನೀವ ಹೇಳಿ ಮುಂದ ಹೋಗ್ರಿ. ಬೈಬ್ಯಾಡ್ರಿ."

ಅಂದಿನಿಂದ ಅಕ್ಕೋರು ಶಾಲೆ ಬಿಟ್ಟ ಮೇಲೆ ದಾನೇಶ್ವರಿಗೆ ಅಕ್ಷರ ತಿದ್ದಿಸಿದರು. ಮನೆಯಲ್ಲಿ ಸಂಜೆ ಐದಕ್ಕೆ ಎರಡೂ ಮಗ್ಗ ನಿಂತವು. ಮೊದಲ ದಿನ ಆ ಮೌನಕ್ಕೇ ಹುಡುಗಿ ಬೆಚ್ಚಿದಳು.

"ಅವ್ವಾ, ನನ್ನ ಧ್ವನಿ ಇಷ್ಟ ದೊಡ್ಡದೈತೇನ?"

"ನಿಂದಲ್ಲವಾ, ನಮ್ಮ ವಂಶಾನ ಹಂಗ. ಓದು, ಓಣಿಗೆಲ್ಲ ಕೇಳಲಿ."

ಚಿತ್ರದಲ್ಲಿ ಆಡು ಛತ್ರಿಯ ಹಿಡಿಕೆ ಅಗಿಯುತ್ತಿತ್ತು. "ಹೊಟ್ಟ್ಯಾಗ ಹೋಗಿ ಅದು ಬಿಚ್ಚಿಕೊಂಡ್ರ ಏನ ಗತಿ?" ಎಂದಳು ಕಸ್ತೂರಿ. ಮಗಳು ನಕ್ಕಳು. ಆ ಮನೆಯಲ್ಲಿ ನನ್ನ ಮೇಲೆ ಬಿದ್ದ ಮೊದಲ ನಗು ಅದು. ಒತ್ತಕ್ಷರ ಬಂದಲ್ಲಿ ತಾಯಿಯೂ ತಡವರಿಸುತ್ತಿದ್ದಳು, ಮಗಳೂ ತಡವರಿಸುತ್ತಿದ್ದಳು. ದಿನಕ್ಕೆ ಒಂದು ಸಾಲು, ಎರಡು ಸಾಲು, ವಾರ ಕಳೆದ ಮೇಲೆ ಅರ್ಧ ಪುಟ.

ಶ್ರೀಶೈಲಪ್ಪ ಮಾತ್ರ ಹೊರಗೆ ಕಟ್ಟೆಯ ಮೇಲೆ ಅಡ್ಡಾಡುತ್ತಿದ್ದ. "ಆತೇನ? ಮಗ್ಗ ಯಾಕ ನಿಂತೈತಿ ಅಂತ ನೂಲು ಕೊಡೋ ಮಾಲಕರು ಕೇಳಿದ್ರ ಏನ ಹೇಳ್ಲಿ, ಆಡಿನ ಕಥಿ ನಡದಿತ್ತು ಅನ್ಲಾ?" ಅವನ ಚಪ್ಪಲಿಯ ಸದ್ದು ಕೇಳಿದೊಡನೆ ಹುಡುಗಿಯ ಬೆರಳು ನಿಂತುಬಿಡುತ್ತಿತ್ತು. ಗೊತ್ತಿದ್ದ ಶಬ್ದವೂ ಮರೆತುಹೋಗುತ್ತಿತ್ತು. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮಗು ಓದಲೆಂದು ಬಡಿಗೆ ಹಿಡಿದು ಕೂರುವವರೇ, ಅದರ ಕಣ್ಣು ಅಕ್ಷರದ ಮೇಲೆ ಇರುವುದಿಲ್ಲ, ನಿಮ್ಮ ಕೈಯ ಮೇಲೆ ಇರುತ್ತದೆ. ಇಷ್ಟು ತಿಳಿಯದೇ?

ಈಗ ನನ್ನ ಬೆನ್ನಿನ ಪಿನ್ನು ತುಕ್ಕು ಹಿಡಿದಿದೆ. ದಾರದಿಂದ ಇಳಿಸಿ, ಅಂಟುಪಟ್ಟಿ ಹಚ್ಚಿ, ಮೂಲೆಯ ಟ್ರಂಕಿನಲ್ಲಿ ಇಟ್ಟಿದ್ದಾರೆ. ಅದೆಷ್ಟೋ ಕೈ ಕಂಡೆ. ಆದರೆ ಆ ಜನವರಿಯ ಮುಂಜಾನೆ ನೆನೆದರೆ ನನ್ನ ಹಾಳೆಗಳು ಇಂದಿಗೂ ನಡುಗುತ್ತವೆ.

ತಂದೆತಾಯಿಯರು ಜಮಖಾನೆಯ ಮೇಲೆ ಕೂತಿದ್ದರು. ಮಕ್ಕಳು ಬಾಯಿಪಾಠ ಮಾಡಬಾರದೆಂದು ಅಕ್ಕೋರು ನನ್ನ ಕೊನೆಯ ಪುಟಗಳಿಗೆ ಮೊದಲೇ ಕ್ಲಿಪ್ಪು ಹಾಕಿಟ್ಟಿದ್ದರು. ಅದನ್ನು ತೆಗೆದು ನನ್ನನ್ನು ದಾನೇಶ್ವರಿಯ ಕೈಗೆ ಕೊಟ್ಟರು. ಅವಳು ಹಿಂದೆಂದೂ ಓದದ ಪುಟ. ನಾಲ್ಕು ಸಾಲು ಓದಿದಳು. ನಿಧಾನ, ಆದರೆ ಓದಿದಳು. ಐದನೆಯ ಸಾಲಿನ ನಡುವೆ ನಿಂತಳು. ಕತ್ತೆತ್ತಿ ಅಪ್ಪನ ಮುಖ ನೋಡಿದಳು. ಅಷ್ಟೇ, ಬೆರಳು ಅಲ್ಲೇ ನಿಂತಿತು.

ಶ್ರೀಶೈಲಪ್ಪ ಎದ್ದ. "ಆತಲ್ಲ, ಎಲ್ಲಾರೂ ನೋಡಿದ್ರಿ. ಏಳ, ನಡೀ ಮನೀಗೆ."

"ಆಕಿ ಬರೂದಿಲ್ಲ." ಕಸ್ತೂರಿಯ ಧ್ವನಿಗೆ ಇಡೀ ಕೋಣೆ ಬೆಚ್ಚಿತು. "ಇನ್ನ ಸಾಲ ಉಳದಾವು. ಕುಂಡ್ರಿ."

"ನನಗ ಕುಂಡ್ರು ಅಂತೀ? ಹಂಗಾರ ತಾಯಿ ಮಗಳು ನೀವ ಕುಂತು ಓದ್ಕೋರಿ!"

ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೋದ. ಹುಡುಗಿ ಮತ್ತೆ ನನ್ನ ಮೇಲೆ ಬಗ್ಗಿದಳು. ಕಸ್ತೂರಿ ಮನಸ್ಸಿನಲ್ಲಿ ಐದು ಎಣಿಸುತ್ತಿದ್ದಳೆಂದು ನನಗೆ ಗೊತ್ತು. ಎಣಿಕೆ ಮುಗಿಯುವ ಮೊದಲೇ ಬೆರಳು ಸರಿಯಿತು. "ಆಡು... ಮತ್ತೊಮ್ಮೆ... ಕೆಮ್ಮಿತು." ಆರನೆಯ ಸಾಲು. ಏಳು. ಎಂಟು.

"ಏನಾಗೇತಿ ಇದ್ರಾಗ?" ಅಕ್ಕೋರು ಕೇಳಿದರು.

"ಛತ್ರಿ ತಿಂದದ್ದು ಆಡು ಯಾರಿಗೂ ಹೇಳಿದ್ದಿಲ್ರಿ. ಅದಕ್ಕ ಅಂಜಿಕಿ ಆಗಿತ್ರಿ."

ಅಕ್ಕೋರು ತಮ್ಮ ಪುಸ್ತಕದಲ್ಲಿ 'ಓದುತ್ತಾಳೆ' ಎಂದು ಬರೆದರು. "ಸಾಲಿ ಬಿಡಸೂದಿಲ್ಲ ಅಂತನೂ ಬರಕೋರಿ, ನಾ ಸಹಿ ಮಾಡ್ತೀನಿ" ಎಂದಳು ಕಸ್ತೂರಿ.

ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವನು ಈಗ ಬಂದಾನು, ನನ್ನನ್ನು ಕಿತ್ತುಕೊಂಡಾನು ಎಂದು ಕಾಯುತ್ತಿದ್ದೆ. ಶ್ರೀಶೈಲಪ್ಪ ತಿರುಗಿ ಬರಲಿಲ್ಲ. ದಾನೇಶ್ವರಿ ಬಾಗಿಲ ಕಡೆ ನೋಡಲೂ ಇಲ್ಲ. ಯಾರೂ ಹೇಳದೆಯೇ ಪುಟ ತಿರುವಿ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.