ಹವಳದ ದ್ವೀಪದ ಪಾಳಿ

ದೊಡ್ಡಳಿಯ ಮುಷ್ಟಿ ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಲೋಟಗಳು ಉರುಳಿ ನಕ್ಷೆಯ ತುಂಬ ಚಹಾ ಹರಿಯಿತು. ಅವನ ಹೆಂಡತಿ ಅದನ್ನು ಒರೆಸುತ್ತಲೇ ಮಾರನೆಯ ದಿನದ ಏರ್ಪಾಟನ್ನು ಮತ್ತೊಮ್ಮೆ ಹೇಳಿದಳು. ಪ್ರವಾಸಿಗರಲ್ಲಿ ಮಕ್ಕಳೊಂದಿಗರನ್ನು ಅವನು ಹತ್ತಿರದ ಮರಳು ದ್ವೀಪಕ್ಕೆ ಕರೆದೊಯ್ಯಬೇಕು. ಈಜು ಬಲ್ಲವರು ತಂಗಿಯ ಗಂಡನ ಜೊತೆ ಹವಳದ ದ್ವೀಪಕ್ಕೆ. ಸಂಜೆಯೊಳಗೆ ಇಬ್ಬರೂ ವಾಪಸ್ಸು.

ತೀರಿಕೊಂಡ ಮಾವನ ಎರಡು ದೋಣಿಗಳನ್ನು ಅಳಿಯಂದಿರು ನಡೆಸುತ್ತಿದ್ದರು; ದಡದ ಟಿಕೆಟ್ ಕೋಣೆ ಅಕ್ಕತಂಗಿಯರದು. ಬಂದರಿನವರ ಬಾಯಲ್ಲಿ ಅವರು ದೊಡ್ಡಳಿಯ, ಚಿಕ್ಕಳಿಯ. ಹವಳದ ದ್ವೀಪದ ಹತ್ತಿರ ದೋಣಿ ಕಟ್ಟಲು ಇದ್ದದ್ದು ಒಂದೇ ತೇಲುಗುಂಡು. ಲಂಗರು ಇಳಿಬಿಟ್ಟರೆ ಹವಳ ಪುಡಿಯಾಗುತ್ತದೆಂದು ಮಾವನೇ ಅದನ್ನು ಹಾಕಿಸಿದ್ದ. ಹಾಗಾಗಿ ಅಲ್ಲಿಗೆ ದಿನಕ್ಕೊಬ್ಬರಂತೆ ಪಾಳಿ. ಮರಳು ದ್ವೀಪದ ಪಾಳಿಯೆಂದರೆ ದೊಡ್ಡಳಿಯನಿಗೆ ಮೈಯೆಲ್ಲ ಉರಿ. ದಿನವಿಡೀ ಮಕ್ಕಳ ಮೂಗು ಒರೆಸುತ್ತ ಕೂರಲು ತಾನೇನು ಆಯಾನೇ ಎಂದು ಕೇಳಿದ. ಆಯಾ ಆದರೂ ಮೆತ್ತಗೆ ಮಾತಾಡುತ್ತಾಳೆ ಎಂದು ಚಿಕ್ಕಳಿಯ ನಕ್ಕ. ಆ ನಗು ಮುಗಿಯುವ ಮೊದಲೇ ದೊಡ್ಡಳಿಯ ಅವನ ಕತ್ತುಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ್ದ. ಹೆಂಗಸರಿಬ್ಬರೂ ಜಗ್ಗಾಡಿ ಬಿಡಿಸಬೇಕಾಯಿತು.

ಬೆಳಿಗ್ಗೆ ದೊಡ್ಡಳಿಯ ಮಕ್ಕಳೊಂದಿಗರನ್ನು ಹತ್ತಿಸಿಕೊಂಡು ಹೊರಟ. ಮರಳು ದ್ವೀಪ ಕಾಣಿಸಿದಾಗ ದೋಣಿ ನಿಲ್ಲಿಸಲಿಲ್ಲ.

ಹವಳದ ದ್ವೀಪದಲ್ಲಿ ಚಿಕ್ಕಳಿಯನ ದೋಣಿ ತೇಲುಗುಂಡಿಗೆ ಕಟ್ಟಿಕೊಂಡಿತ್ತು. ಅವನು ನೀರಿನಲ್ಲಿ ಪ್ರವಾಸಿಗರ ಜೊತೆಗಿದ್ದ. ದೊಡ್ಡಳಿಯ ಹತ್ತಿರ ಬಂದವನೇ ಲಂಗರು ಎಸೆದ. ಈಜುತ್ತಿದ್ದ ಹುಡುಗಿಯೊಬ್ಬಳ ಕಾಲ ಪಕ್ಕದಲ್ಲೇ ಆ ಕಬ್ಬಿಣ ಮುಳುಗಿ, ಕೆಳಗೆ ಹವಳದ ದೊಡ್ಡ ಕೊಂಬೆಯೊಂದನ್ನು ಮುರಿದುಹಾಕಿತು. ಚಿಕ್ಕಳಿಯ ಮುಳುಗಿ, ಸೊಂಟದ ಚಾಕು ತೆಗೆದು ಹಗ್ಗ ಕೊಯ್ದ. ಅವನು ತಲೆ ಮೇಲೆತ್ತುವುದನ್ನೇ ಕಾದಿದ್ದವನಂತೆ ದೊಡ್ಡಳಿಯ ದೋಣಿ ಎಳೆಯುವ ಕೊಕ್ಕೆಯ ಗಳುವನ್ನು ಬೀಸಿದ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ಕಣ್ಣಿಗೆ.

ಚಿಕ್ಕಳಿಯ ಗಳುವನ್ನು ಬಿಡದೆ ಹಿಡಿದು ಅವನನ್ನು ನೀರಿಗೆಳೆದ. ಕುತ್ತಿಗೆ ಅಮುಕಿ ಹವಳದ ಮೇಲೆ ಉಜ್ಜಿದ. ಬೆನ್ನಿನ ಚರ್ಮ ಸುಲಿದು ನೀರು ಕೆಂಪಾಯಿತು. ಯಾರ ರಕ್ತ ಯಾವುದೆಂದು ತಿಳಿಯದೆ ಪ್ರವಾಸಿಗರೇ ನಾಲ್ಕೈದು ಮಂದಿ ಸೇರಿ ಇಬ್ಬರನ್ನೂ ಎಳೆದು ಬೇರೆ ಮಾಡಿದರು.

ಹೊತ್ತಿಗೆ ಮುಂಚೆಯೇ ಒಂದರ ಹಿಂದೊಂದು ಕಟ್ಟಿಕೊಂಡು ದೋಣಿಗಳು ಮರಳಿದ್ದನ್ನು ಕಂಡು ಅಕ್ಕತಂಗಿಯರು ಓಡಿಬಂದರು. ತಾಯಿಯೊಬ್ಬಳು ಮಗುವಿನ ಕಣ್ಣು ಮುಚ್ಚಿಕೊಂಡೇ ಇಳಿದಳು. ಏನಾಯಿತೆಂದು ಅಕ್ಕ ಕೇಳಿದ್ದಕ್ಕೆ ದೊಡ್ಡಳಿಯ, ಕಾಲು ಜಾರಿ ಇಬ್ಬರೂ ಬಿದ್ದೆವು ಎಂದ. ಆ ತಾಯಿ ತಿರುಗಿ ನಿಂತು, "ಸುಳ್ಳು. ನೀರಲ್ಲಿದ್ದೋನಿಗೆ ಇವರೇ ಹೊಡೆದ್ರು," ಎಂದಳು.

ಅಷ್ಟರಲ್ಲಿ ಮುಖಕ್ಕೆ ಟವೆಲ್ ಸುತ್ತಿದ್ದ ಚಿಕ್ಕಳಿಯನನ್ನು ಎತ್ತಿ ತಂದರು. ತಂಗಿ ಟವೆಲ್ ಸರಿಸಿ ನೋಡಿದಳು. ಎದ್ದವಳೇ ದೋಣಿಯಲ್ಲಿ ಬಿದ್ದಿದ್ದ ಕೊಕ್ಕೆಯ ಗಳುವನ್ನು ಎತ್ತಿಕೊಂಡು ಭಾವನ ಮೇಲೆ ನುಗ್ಗಿದಳು. ಅಕ್ಕ ಅಡ್ಡ ಬಂದು ಕೈ ಎತ್ತಿದಳು. ಮುಂಗೈ ಮುರಿದ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಅಕ್ಕ ಜೋಲುತ್ತಿದ್ದ ಕೈಯನ್ನು ಎದೆಗವಚಿಕೊಂಡು ಗಂಡನ ಕಡೆ ತಿರುಗಿದಳು.

"ಇಲ್ಲಿಂದ ಹೋಗು. ಇನ್ನೊಂದ್ಸಲ ಅವಳನ್ನ ತಡೆಯಲ್ಲ ನಾನು."

ತಂಗಿಯ ಕೈಯಲ್ಲಿ ಗಳು ಇನ್ನೂ ಇತ್ತು. ಅವನು ಬರಿಗಾಲಲ್ಲೇ, ಬೆನ್ನಿನಿಂದ ರಕ್ತ ತೊಟ್ಟಿಕ್ಕಿಸುತ್ತ, ಬಸ್ಸು ನಿಲ್ಲುವ ಕಡೆ ನಡೆದ.

ಕಣ್ಣು ಉಳಿಯುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ಹೊರಗಿನ ಬೆಂಚಿನ ಮೇಲೆ ಅಕ್ಕ ಹಸಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಿಚ್ಚಿದ ಕೂದಲು ಮುಖದ ಮೇಲೆಲ್ಲ ಬಿದ್ದಿತ್ತು. ತಂಗಿ ಬಂದು ತುಸು ಹೊತ್ತು ದೂರವೇ ನಿಂತಳು. ಆಮೇಲೆ ಬೆಂಚಿನ ಹಿಂದೆ ಹೋಗಿ, ಉಗುರಿನ ಸಂದಿಯಲ್ಲಿ ಒಣಗಿದ ರಕ್ತದಿಂದ ಇನ್ನೂ ಕಪ್ಪಗಿದ್ದ ಬೆರಳುಗಳಿಂದ ಅಕ್ಕನ ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದಳು.