ಗೋಡೆಯ ಹಿಂದಿನ ರಾಣಿ

ರಘುರಾಮನ ಕಾರ್ಟೂನು ಸಿನಿಮಾಗಳಲ್ಲಿ ಹೆಂಗಸರು ಯಾವಾಗಲೂ ಗೋಡೆಯ ಹಿಂದೆಯೇ ನಿಲ್ಲುತ್ತಿದ್ದರು. ಗೋಡೆ ಇಲ್ಲದಿದ್ದರೆ ಕಿಟಕಿ, ಕಿಟಕಿಯೂ ಇಲ್ಲದಿದ್ದರೆ ತುಳಸಿಕಟ್ಟೆ. ಮದರಾಸಿನ ವಡಪಳನಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಯಾವ ಪಾತ್ರ ಎಲ್ಲಿ ನಿಲ್ಲಬೇಕು, ಎಷ್ಟು ಕಾಣಬೇಕು ಎಂದು ಪೆನ್ಸಿಲಿನಲ್ಲಿ ಹಾಕಿಕೊಡುವ ಲೇಔಟ್ ಕೆಲಸ ಅವನದು. ಸೀರೆಯ ನೆರಿಗೆ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಅದನ್ನೆಲ್ಲ ಬರೆಯುತ್ತ ಕುಳಿತರೆ ದೀಪಾವಳಿಗೆ ಬರಬೇಕಾದ ಚಿತ್ರ ಯುಗಾದಿಗೂ ಮುಗಿಯದು. ಸೊಂಟದವರೆಗೆ ಗೋಡೆ ಎಬ್ಬಿಸಿಬಿಟ್ಟರೆ ಮೇಲಿನ ಅರ್ಧವನ್ನು ಮೆಲ್ಲಗೆ ಸರಿಸಿದರಾಯಿತು. ರಾಜ, ಮಂತ್ರಿ, ಕತ್ತೆ ಮಾತ್ರ ಕಾಲೆತ್ತಿ ಠೀವಿಯಿಂದ ನಡೆಯುತ್ತಿದ್ದರು. ಈ ಉಪಾಯಕ್ಕೆ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡವನು.

೧೯೫೯ರ ಚಿತ್ರದಲ್ಲಿ ರಾಣಿಯೊಬ್ಬಳು ಅರಮನೆಯ ಮೆಟ್ಟಿಲಿಳಿದು ಊರ ಕೆರೆಗೆ ಹೋಗಬೇಕಿತ್ತು. ಅವನ ಗೆರೆಗಳನ್ನು ಶಾಯಿಯಲ್ಲಿ ತಿದ್ದುವ ತುಂಗಾ, ಯಾರೂ ಹೇಳದೆಯೇ, ಮೂರು ವಾರ ಊಟದ ಹೊತ್ತಿನಲ್ಲಿ ಕುಳಿತು ಆ ನಡಿಗೆಯನ್ನು ತೊಂಬತ್ತಾರು ಹಾಳೆಗಳಲ್ಲಿ ಬರೆದು ತಂದಳು.

"ಮೈಲಾಪುರದ ಹೋಟೆಲಿನಲ್ಲಿ ನಮ್ಮಮ್ಮ ದೋಸೆಹಿಟ್ಟಿನ ಪಾತ್ರೆ ಹೊತ್ತು ಮೆಟ್ಟಿಲು ಇಳೀತಾರಲ್ಲ, ಅದನ್ನು ನೋಡಿ ಬರೆದದ್ದು ಸರ್. ಈ ಒಂದು ಸಲ ಗೋಡೆ ಬೇಡ. ರಾಣಿ ನಡೀಲಿ."

ರಘುರಾಮ ಹಾಳೆಗಳ ಅಂಚು ಹಿಡಿದು ಪಟಪಟನೆ ಬಿಟ್ಟ. ರಾಣಿ ಇಳಿದಳು. ಕಾಲ್ಬೆರಳು ಮೊದಲು ಮೆಟ್ಟಿಲನ್ನು ಮುಟ್ಟಿ ನೋಡುತ್ತಿತ್ತು, ಆಮೇಲೆ ಮೈಭಾರ ಇಳಿಯುತ್ತಿತ್ತು, ನೆರಿಗೆ ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತಿತ್ತು. ಹನ್ನೆರಡು ವರ್ಷದಲ್ಲಿ ಅವನ ಕೈಯಿಂದ ಇಂಥದ್ದೊಂದು ಬಂದಿರಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ಬೇರೆ ಹೆಸರು ಕೊಡುವುದು ಸುಳ್ಳಾದೀತು.

"ಚೆಂದ ಉಂಟು. ಆದ್ರೆ ಟೈಮ್ ಎಲ್ಲಿ ಉಂಟು ಮಾರಾಯ್ತಿ?" ಎಂದ.

ಟೈಮ್ ಇತ್ತು. ಮಾಲೀಕರು "ಉಂಗಳ್ ಇಷ್ಟಂ" ಎಂದು ಅವನಿಗೇ ಬಿಟ್ಟಿದ್ದರು. ಆದರೂ ಆ ಸಂಜೆ ಅವನು ಮೆಟ್ಟಿಲಿನುದ್ದಕ್ಕೂ ಗೋಡೆ ಎಬ್ಬಿಸಿದ, ಒಂದೊಂದು ಕಲ್ಲಿಗೂ ನೆರಳು ಕೊಟ್ಟ. ಅದನ್ನು ಶಾಯಿಯಲ್ಲಿ ತಿದ್ದುವ ಸರದಿ ತುಂಗಾಳದೇ ಆಯಿತು. ಅವಳು ಒಂದು ಕಲ್ಲನ್ನೂ ಬಿಡದೆ ತಿದ್ದಿಕೊಟ್ಟಳು.

ಚಿತ್ರ ಮುಗಿದಾಗ ಸ್ಟುಡಿಯೋದವರೆಲ್ಲ ಮನೆಮಂದಿಯೊಂದಿಗೆ ನೋಡಲು ಕುಳಿತರು. ರಘುರಾಮನ ತೊಡೆಯ ಮೇಲೆ ಆರು ವರ್ಷದ ಮಗಳು ವಿನೋದಾ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ. ರಾಣಿ ಗೋಡೆಯ ಹಿಂದೆ ಜಾರುತ್ತ ಬಂದದ್ದೇ, ಎಲ್ಲರಿಗೂ ಕೇಳುವಂತೆ ಕೇಳಿದಳು: "ಅಪ್ಪಾ, ರಾಣಿಕ್ಕು ಕಾಲೇ ಇಲ್ಲೈಯಾ?"

ಜನ ಗೊಳ್ಳೆಂದು ನಕ್ಕರು. ಮುಂದಿನ ಸಾಲಿನಲ್ಲಿದ್ದ ತುಂಗಾ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ರಘುರಾಮನಿಗೆ ಮುಖ ಎಲ್ಲಿಡಬೇಕೆಂದು ತೋಚಲಿಲ್ಲ. ಇತ್ತು ಮಗಾ, ನಾನೇ ಮುಚ್ಚಿದೆ ಎನ್ನಬೇಕೆನಿಸಿತು.

ಮರುದಿನ ಬೆಳಿಗ್ಗೆ ಅವನೇ ತುಂಗಾಳ ಮೇಜಿನ ಹತ್ತಿರ ಹೋದ.

"ನಾನು ಮಾಡಿದ್ದು ತಪ್ಪು ತುಂಗಾ. ಆ ಹಾಳೆಗಳನ್ನು ಕೊಡು. ಮುಂದಿನ ಚಿತ್ರ ಅದರಿಂದಲೇ ಶುರುವಾಗಲಿ."

"ಅದಾ ಸರ್? ಬೇಡದ ಹಾಳೆ ಅಂತ ಪೇಂಟ್ ರೂಮಿಗೆ ಬ್ರಶ್ ಒರೆಸ್ಲಿಕ್ಕೆ ಕೊಟ್ಟೆ. ನಿಮ್ಮ ಗೋಡೆಗೆ ಬಣ್ಣ ಹಚ್ಚುವಾಗಲೇ ಎಲ್ಲ ಮುಗೀತು."

ರಘುರಾಮ ಪೇಂಟ್ ರೂಮಿಗೆ ಓಡಿ, ತಿಂಗಳುಗಳಿಂದ ಯಾರೂ ಖಾಲಿ ಮಾಡದ ಕಸದ ಡಬ್ಬವನ್ನು ನೆಲಕ್ಕೆ ಸುರುವಿ ಕೆದಕಿದ. ಕೊನೆಗೆ ಬೂದುಬಣ್ಣ ಮೆತ್ತಿದ ಒಂದು ಹಾಳೆ ಸಿಕ್ಕಿತು. ಅದರ ಮೂಲೆಯಲ್ಲಿ ಮೆಟ್ಟಿಲು ಮುಟ್ಟುತ್ತಿದ್ದ ಕಾಲ್ಬೆರಳು ಇನ್ನೂ ಕಾಣುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ.

"ಒಂದಾದರೂ ಸಿಕ್ಕಿತು."

ತುಂಗಾ ಹಾಳೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಒಂದೇ ಹಾಳೆಯಲ್ಲಿ ನಡಿಗೆ ಎಲ್ಲಿ ಉಂಟು ಸರ್?" ಎಂದು ಕೇಳಿ, ಪೆನ್ನನ್ನು ಶಾಯಿಯಲ್ಲಿ ಅದ್ದಿದಳು.