ಎಂಟು ಔಷಧಿಗೆ ಬಗ್ಗದ ಮೀಸೆ

ಮಾಡಗ್ಯಾಳದ ಕುರಿಗಾರ ಮುರಗೆಪ್ಪನ ಮೀಸೆ ಎಷ್ಟು ದೊಡ್ಡದೆಂದರೆ, ಅವನು ಜತ್ತಿನ ಬಸ್ಸು ಹತ್ತಿದರೆ ಕಂಡಕ್ಟರ್ ಒಂದೂವರೆ ಟಿಕೆಟ್ ಹರಿಯುತ್ತಿದ್ದ. ಸುಳ್ಳಲ್ಲ, ಆ ಅರ್ಧ ಟಿಕೆಟನ್ನು ನಾನೇ ನೋಡಿದ್ದೇನೆ.

ಅವನ ಟಗರಿಗೊಂದು ಹಟ. ಒಡೆಯ ಮೊದಲು ಕುಡಿಯದ ಮಜ್ಜಿಗೆಯನ್ನು ಅದು ಮೂಸುತ್ತಿರಲಿಲ್ಲ. ಹಾಗಾಗಿ ಟಗರು ಕೆಮ್ಮಿದಾಗಲೆಲ್ಲ ಮುರಗೆಪ್ಪ ಯಾರದೋ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಗುಳಿಗೆ ತಂದು, ಮಜ್ಜಿಗೆಯಲ್ಲಿ ಅರೆದು, ತಾನೊಂದು ಗುಟುಕು ಕುಡಿದು ಅದಕ್ಕೆ ಕೊಡುತ್ತಿದ್ದ. ಎರಡು ದಿನಕ್ಕೆ ಕೆಮ್ಮು ನಿಂತರೆ ಗುಳಿಗೆಯೂ ನಿಲ್ಲುತ್ತಿತ್ತು. ಪ್ರತಿ ಸಲವೂ ಮೀಸೆ ಮಜ್ಜಿಗೆಯಲ್ಲಿ ಅದ್ದುತ್ತಿತ್ತು.

ಒಂದು ದಿನ ಸಾಂಗಲಿಯ ಸರಕಾರಿ ಆಸ್ಪತ್ರೆಯಿಂದ ಮೋನಾಲಿ ಎಂಬ ಸಂಶೋಧಕಿ ಬಂದಳು. ರಕ್ತದ ಕ್ಯಾನ್ಸರ್ ಇದ್ದವರಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಈ ಭಾಗದ ಯಾವ ರೋಗಾಣು ಯಾವ ಔಷಧಿಗೆ ಸಾಯುವುದಿಲ್ಲ ಎಂದು ಹುಡುಕುವುದು ಅವಳ ಕೆಲಸ. ಕುರಿದೊಡ್ಡಿಗಳ ಮಣ್ಣು ತುಂಬಿಕೊಂಡಳು. ಕುರಿಗಾರರ ಕೈ, ಮೀಸೆಗಳನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಂಡಳು.

"ನಮ್ಮ ದೊಡ್ಡಿ ರೋಗಾಣು ಯಾ ಔಷಧಕ್ಕೂ ಸಾಯಂಗಿಲ್ಲ, ಬರಕೋರಿ," ಎಂದ ಬೆಳುಂಕಿಯ ಬಾಳಾಸಾಹೇಬ. ಟಗರು ಸಾಕುವುದರಲ್ಲಿ ಅವನು ಮುರಗೆಪ್ಪನ ಹಳೇ ಎದುರಾಳಿ.

ಮುರಗೆಪ್ಪ ಸಿಡಿದ. "ಏ, ನಿಮ್ಮವು ಕೆಮ್ಮಿದ್ರ ಸಾಯ್ತಾವ. ನಮ್ಮವು ಮಾಡಗ್ಯಾಳ ತಳಿ!"

"ಹಂಗಾರ ಮೀಸಿ ಪಣಕ್ಕ ಇಡು. ಸೋತಾಂವ ಬೋಳಿಸ್ಬೇಕು."

"ಇಟ್ಟೆ ತಗೋ!"

"ಕಾಕಾ, ಇದೇನು ಶರ್ಯತ್ತಲ್ರಿ," ಎಂದಳು ಮೋನಾಲಿ. ಆಗಲೇ ಇಬ್ಬರೂ ಕೈ ಮೇಲೆ ಕೈ ಹೊಡೆದಾಗಿತ್ತು.

ಮುರಗೆಪ್ಪ ಒಂದು ಮರೆತಿದ್ದ. ಅವನ ಅಕ್ಕ ದಾಕ್ಷಾಯಣಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಅವನ ಮನೆಗೆ ಬರುವವಳಿದ್ದಳು. ಅದಕ್ಕೇ ಹಿಂದಿನ ವಾರ ದೊಡ್ಡಿಗೆಲ್ಲ ತಾನೇ ಸುಣ್ಣ ಹೊಡೆದು, ಗಟ್ಟಿ ರೋಗಾಣುಗಳನ್ನೆಲ್ಲ ಕೊಂದಿದ್ದ.

ಅಕ್ಕ ಬಂದಿಳಿದ ದಿನವೇ ಮೋನಾಲಿ ವರದಿ ತಂದಳು. ಮುರಗೆಪ್ಪನ ಅಂಗಳದಲ್ಲಿ ಜನ ಸೇರಿತು, ಹಲಗಿ ಬಾರಿಸುವವರೂ ಬಂದರು.

"ಬಾಳಾಸಾಹೇಬ ಕಾಕಾರ ದೊಡ್ಡಿ ರೋಗಾಣು ಆರು ಔಷಧಕ್ಕ ಸಾಯಲಿಲ್ಲ. ಮುರಗೆಪ್ಪ ಕಾಕಾರವು ಮೊದಲನೇದಕ್ಕೇ ಸತ್ತವು."

ಬಾಳಾಸಾಹೇಬ ಜೇಬಿನಿಂದ ಕ್ಷೌರದ ಕತ್ತಿ ತೆಗೆದ. ಮನೆಯಿಂದಲೇ ಮಸೆದುಕೊಂಡು ಬಂದಿದ್ದ.

"ತಡೀರಿ," ಮೋನಾಲಿ ಹಾಳೆ ತಿರುವಿದಳು. "ಮುರಗೆಪ್ಪ ಕಾಕಾರ ಮೀಸಿದು ಬ್ಯಾರೆ ಐತಿ. ಎಂಟು ಔಷಧ ಹಾಕೀನಿ, ಸಾಯಂಗಿಲ್ಲ. ಒಂಬತ್ತನೇದು ನಮ್ಮ ಕಡೆ ಇಲ್ಲ. ಅರ್ಧಕ್ಕ ಬಿಟ್ಟ ಗುಳಿಗಿ ಉಂಡು ಉಂಡು ಪೈಲವಾನ್ ಆಗ್ಯಾವ."

ಮೀಸೆಯೂ ದೊಡ್ಡಿಯ ಲೆಕ್ಕಕ್ಕೇ ಎಂದು ಜನ ತೀರ್ಪು ಕೊಟ್ಟರು, ಹಲಗಿ ಮೊಳಗಿದವು. ಬಾಳಾಸಾಹೇಬನ ಮೀಸೆ ಅಲ್ಲೇ ಇಳಿಯಿತು. ಮುರಗೆಪ್ಪ ತನ್ನದನ್ನು ತಿರುವುತ್ತ ಅಕ್ಕನ ಕಾಲು ಮುಟ್ಟಲು ಹೊಸ್ತಿಲಿಗೆ ಬಂದ. ಒಳಗೆ ದಾಕ್ಷಾಯಣಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕುಳಿತಿದ್ದಳು.

"ಗೆದ್ದೆಂತಲ್ಲೋ ಮುರಗ್ಯಾ?"

"ಹೂಂ ಅಕ್ಕಾ!"

"ಅಲ್ಲೇ ನಿಂದ್ರು. ನಾ ಇರೂತನಕ ಈ ಮನ್ಯಾಗ ನೀ ಬರಬೇಕು, ಇಲ್ಲಾ ನಿನ್ನ ಮೀಸಿ ಬರಬೇಕು. ಇಬ್ರೂ ಕೂಡಿ ಬರೂದು ಬ್ಯಾಡ. ನಲವತ್ತು ವರ್ಷದಿಂದ ತೆಗಿ ಅನ್ನಾಕತ್ತೀನಿ, ಈಗ ಸರಕಾರದ ಶಿಕ್ಕಾ ಬಿದ್ದೈತಿ."

ಮುರಗೆಪ್ಪ ಮೋನಾಲಿಯನ್ನು ನೋಡಿದ. ಅವಳು ಅಕ್ಕ ಹೇಳಿದ್ದೇ ಸರಿ ಎಂದು ತಲೆಯಾಡಿಸಿದಳು. ಹಲಗಿ ನಿಂತವು.

ಅವನು ಬಾಳಾಸಾಹೇಬನ ಮುಂದೆ ಕುಕ್ಕರಗಾಲಲ್ಲಿ ಕೂತ. "ನಿನ್ನ ಕತ್ತಿ ಬ್ಯಾಡೋ, ಆರು ಔಷಧದ್ದು. ಹೊಸಾ ಬ್ಲೇಡಿಂದ ಬೋಳಿಸು."

ಇಳಿದ ಮೀಸೆಯನ್ನು ಮೋನಾಲಿ ಬಾಟಲಿಗೆ ತುಂಬಿ, ಬೂಚು ಬಿಗಿದು, ಎರಡು ಕೈಯಲ್ಲಿ ಹಿಡಿದು ಒಯ್ದಳು. ಮುರಗೆಪ್ಪ ಸಾಬೂನಿನಿಂದ ಮುಖ ಕೈ ಮೂರು ಸಲ ತೊಳೆದು ಹೊಸ್ತಿಲು ದಾಟಿದ. ದಾಕ್ಷಾಯಣಿ ಅವನನ್ನು ನೋಡಿ ನಕ್ಕ ನಗೆ ಆಚೆಯ ಊರು ತಿಕೋಂಡಿಯವರೆಗೆ ಕೇಳಿಸಿತು.

ಟಗರಿಗೆ ಮಾತ್ರ ಅವನ ಗುರುತು ಹತ್ತಲಿಲ್ಲ. ಅವನ ಕೈಯ ಮಜ್ಜಿಗೆಯನ್ನು ಬಿಟ್ಟೇಬಿಟ್ಟಿತು. ಈಗ ಅದು ಕೆಮ್ಮಿದರೆ ದನದ ಡಾಕ್ಟರೇ ಬಂದು ಸೂಜಿ ಚುಚ್ಚುತ್ತಾರೆ. ಸುಮ್ಮನೆ ನಿಲ್ಲುತ್ತದೆ. ಅವರಿಗೆ ಮೀಸೆ ಇದೆ.